ಈಸ್ಟ್ ಬೆಂಗಾಲ್: ಅಷ್ಟು ಸಲ ಮಾರಿದರಲ್ಲ, ಮಾರಿದ್ದು ಏನನ್ನು?

ಮೈದಾನ್ ಮಂಜ

ಬೆಂಗಳೂರು ಎಫ್‌ಸಿ ಬಗ್ಗೆ ಇಲ್ಲಿ ಬೇಕಾದಷ್ಟು ಕಿತ್ತಾಡಿದ್ದೇವೆ. ಇವತ್ತು ಕೋಲ್ಕತ್ತಾ ಕಡೆ ಹೋಗೋಣ. ಅಲ್ಲಿನ ಫುಟ್‌ಬಾಲ್ ಕ್ಲಬ್ ಈಸ್ಟ್ ಬೆಂಗಾಲ್‌ಗೆ ನೂರು ವರ್ಷ ದಾಟಿದೆ. ಅಭಿಮಾನಿಗಳು ಲಕ್ಷಗಟ್ಟಲೆ. 2003-04ರ ನ್ಯಾಷನಲ್ ಲೀಗ್ ಆದ ಮೇಲೆ 2024-25ರವರೆಗೆ ದೇಶದ ದೊಡ್ಡ ಲೀಗ್ ಒಂದೂ ಗೆದ್ದಿರಲಿಲ್ಲ. ಆದರೆ ಈ ಅವಧಿಯಲ್ಲಿ ದುಡ್ಡು ಹಾಕುವವರಿಗೇನೂ ಬರ ಇರಲಿಲ್ಲ. 1998ರಲ್ಲಿ ಯುನೈಟೆಡ್ ಬ್ರೂವರೀಸ್ ಬಂತು. 2018ರಲ್ಲಿ ಕ್ವೆಸ್, 2020ರಲ್ಲಿ ಶ್ರೀ ಸಿಮೆಂಟ್, 2022ರಲ್ಲಿ ಇಮಾಮಿ. ಮೊದಲ ಎರಡೂ ನಮ್ಮ ಬೆಂಗಳೂರಿನ ಕಂಪನಿಗಳು. ಕ್ವೆಸ್ ಎರಡು ವರ್ಷಕ್ಕೆ ಕೈ ಮುಗಿದು ಹೋಯಿತು. ಶ್ರೀ ಸಿಮೆಂಟ್ ಅದಕ್ಕಿಂತ ಬೇಗ.

ಇಷ್ಟು ಜನ ಬಂದು ಹೋದರೂ ಜಗಳ ಮಾತ್ರ ಅದೇ. ಕ್ಲಬ್ಬಿನ ಪದಾಧಿಕಾರಿಗಳಿಗೆ ದುಡ್ಡು ಬೇಕು, ಯಜಮಾನ ಬೇಡ. ಕಂಪನಿಗೆ ಹೆಸರು ಬೇಕು, ಹೆಸರಿನ ಹಿಂದಿರುವ ಹಳೇ ಜನ ಬೇಡ. ಹಾಗಾದರೆ ಪ್ರತಿ ಸಲ ಮಾರಿದ್ದು ಏನನ್ನು? ಇದು ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ತಿಳಿದವರು ಹೇಳಿ.

ಗೌತಮಪುರ ನಂಬರ್ 10

ಗುರು, ಮಲ್ಯ ಕಾಲವನ್ನು ಇದರ ಜೊತೆ ಸೇರಿಸಬೇಡ. ಆಗ ಮಲ್ಯರ ಯುನೈಟೆಡ್ ಬ್ರೂವರೀಸ್ (ಯುಬಿ) ಅರ್ಧ ಪಾಲು ತಗೊಂಡಿತ್ತು. ತಂಡದ ಹೆಸರು ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್ ಆಯಿತು. ಆ ಕಡೆ ಮೆಕ್‌ಡೊವೆಲ್ ಮೋಹನ್ ಬಗಾನ್. ಎರಡೂ ಬದ್ಧ ವೈರಿಗಳ ಜೆರ್ಸಿ ಮೇಲೆ ಒಂದೇ ಗುಂಪಿನ ಬಾಟಲಿ! ಇವತ್ತು ಕೇಳಿದರೆ ನಗು ಬರುತ್ತೆ. ಆದರೆ ಆ ಹೊತ್ತಿನಲ್ಲಿ ತಂಡ ಗೆಲ್ಲುತ್ತಿತ್ತು. 2000-01, 2002-03, 2003-04 ಲೀಗ್ ಬಂತು. 2003ರಲ್ಲಿ ಜಕಾರ್ತಾದಲ್ಲಿ ಆಸಿಯಾನ್ ಕಪ್. ಫೈನಲ್‌ನಲ್ಲಿ ಥಾಯ್ಲೆಂಡಿನ ಬಿಇಸಿ ಟೆರೊ ಸಾಸನ ಮೇಲೆ 3-1. ಸುಭಾಷ್ ಭೌಮಿಕ್ ಕೋಚು, ಬೈಚುಂಗ್ ಭುಟಿಯಾ ಫಾರ್ವರ್ಡ್.

ಪಾಲು ಅರ್ಧ ಇದ್ದರೂ ಯುಬಿಗೆ ಬೇಕಿದ್ದದ್ದು ಹೆಸರು ಕಾಣುವುದು ಅಷ್ಟೇ. ತಂಡ ಕಟ್ಟುವವರು, ಕೋಚನ್ನು ತೆಗೆಯುವವರು, ಟೆಂಟಿನಲ್ಲಿ, ಅಂದರೆ ಕ್ಲಬ್ಬಿನ ಕಚೇರಿಯಲ್ಲಿ, ಕೂತು ಚಹಾ ಕುಡಿಯುವವರು ಎಲ್ಲ ಹಳಬರೇ. ಜಗಳ ಎಲ್ಲಿಂದ ಬರಬೇಕು?

ಕುಡ್ಲ ಕಿಕ್

ಒಪ್ಪುವುದಿಲ್ಲ ಮಾರಾಯ. ಜಗಳ ಇರಲಿಲ್ಲ ನಿಜ. ಮಲ್ಯ ಸಾಮ್ರಾಜ್ಯ ಕುಸಿದಾಗ ಕ್ಲಬ್ಬಿಗೆ ಸ್ವಂತದ್ದು ಅಂತ ಏನು ಉಳಿದಿತ್ತು? ತರಬೇತಿಗೆ ಒಳ್ಳೆ ವ್ಯವಸ್ಥೆ ಇತ್ತಾ? ಸ್ವಂತ ಸ್ಟೇಡಿಯಂ ಇತ್ತಾ? ಇಪ್ಪತ್ತು ವರ್ಷ ಬಾಟಲಿ ದುಡ್ಡು ಬಂದು ಹಾಗೇ ಖರ್ಚಾಯಿತು.

ದಮ್‌ದಮ್ ಕನ್ನಡತಿ

ಮದುವೆಯಾಗಿ ಕೋಲ್ಕತ್ತಾಗೆ ಬಂದವಳು ನಾನು. ನಮ್ಮ ಮಾವನವರ ಮನೆಯವರು ಪೂರ್ವ ಬಂಗಾಳದಿಂದ ಬಂದವರು. ಅಂದರೆ ಇಲ್ಲಿ ನನಗೆ ಆಯ್ಕೆಯೇ ಇರಲಿಲ್ಲ. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು ತರುತ್ತಾರೆ, ಸೋತರೆ ಯಾರೂ ಮಾತಾಡುವುದಿಲ್ಲ. ಬಾವುಟ ಕೆಂಪು ಹಳದಿ. ಮೊದಲ ಸಲ ಗ್ಯಾಲರಿ ನೋಡಿದಾಗ ರಾಜ್ಯೋತ್ಸವಕ್ಕೆ ಬಂದಿದ್ದೇನೋ ಅನ್ನಿಸಿತ್ತು.

ಮಂಜಣ್ಣ, ಸ್ಟೇಡಿಯಂ ವಿಷಯ ಬಂತಲ್ಲ, ಒಂದು ಹೇಳಿಬಿಡುತ್ತೇನೆ. ಲೆಸ್ಲಿ ಕ್ಲಾಡಿಯಸ್ ಸರಣಿಯಲ್ಲಿ ಕ್ಲಬ್ಬಿನ ಟೆಂಟು, ಮೈದಾನ ಇದೆಯಲ್ಲ, ಆ ನೆಲ ಕ್ಲಬ್ಬಿನದಲ್ಲ. ಇಡೀ ಕೋಲ್ಕತ್ತಾ ಮೈದಾನ ಸೇನೆಯ ಕೈಯಲ್ಲಿದೆ. ಡರ್ಬಿ, ಅಂದರೆ ಮೋಹನ್ ಬಗಾನ್ ಜೊತೆಗಿನ ಪಂದ್ಯ, ನಡೆಯುವ ಸಾಲ್ಟ್ ಲೇಕ್ ಸ್ಟೇಡಿಯಂ ರಾಜ್ಯ ಸರ್ಕಾರದ್ದು. 1997ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ 1,31,000 ಜನ ಸೇರಿದ್ದರು. ಬೈಚುಂಗ್ ಹ್ಯಾಟ್ರಿಕ್, ಮೋಹನ್ ಬಗಾನ್ ಮೇಲೆ 4-1. ಮಾವ ಇನ್ನೂ ಅದೇ ಕಥೆ ಹೇಳುತ್ತಾರೆ. ಅಂಥ ಸ್ಟೇಡಿಯಂ ಕೂಡ ಬಾಡಿಗೆಯದ್ದೇ.

ಹಾಗಾಗಿ ಕೊಳ್ಳಲು ಬಂದವರಿಗೆ ನೆಲ ಸಿಗುವುದಿಲ್ಲ, ಕಟ್ಟಡ ಸಿಗುವುದಿಲ್ಲ. ಸಿಗುವುದು ಹೆಸರು, ಲಾಂಛನದ ಪಂಜು, ಮತ್ತೆ ನಮ್ಮಂಥವರು.

ಲೆಕ್ಕದ ಸುಬ್ಬು

ಮೇಡಂ ಹೇಳಿದ್ದು ಮುಖ್ಯ. ನಾನು ಕಂಪನಿ ಲೆಕ್ಕ ನೋಡುವವನು, ಚೆಂಡು ಒದೆಯಲು ಬರುವುದಿಲ್ಲ. ಆದರೂ ಮಂಜನ ಪ್ರಶ್ನೆಗೆ ನನ್ನ ಕಡೆಯಿಂದ ಉತ್ತರ.

ಈಸ್ಟ್ ಬೆಂಗಾಲ್ ಕ್ಲಬ್ ಮೂಲದಲ್ಲಿ ಸದಸ್ಯರ ಸಂಘ. ಸಂಘಕ್ಕೆ ಷೇರು ಇರುವುದಿಲ್ಲ, ಅದನ್ನು ಮಾರಲು ಬರುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡುತ್ತಾರೆ. ಲೀಗಿನಲ್ಲಿ ಆಡುವ ಹಕ್ಕು, ಹೆಸರು, ಲಾಂಛನ ಬಳಸುವ ಹಕ್ಕು ಎಲ್ಲವನ್ನೂ ಆ ಕಂಪನಿಗೆ ಬರೆದುಕೊಡುತ್ತಾರೆ. ಇದನ್ನೇ ಪತ್ರಿಕೆಗಳಲ್ಲಿ ಸ್ಪೋರ್ಟಿಂಗ್ ರೈಟ್ಸ್ ಅನ್ನುವುದು. ಇನ್ವೆಸ್ಟರ್ ಕೊಳ್ಳುವುದು ಆ ಕಂಪನಿಯ ಷೇರು. ಕ್ವೆಸ್ ಬಂದಾಗ ಕಂಪನಿ ಶೇ 70, ಕ್ಲಬ್ ಶೇ 30. ಸಂಘ, ಅದರ ಟೆಂಟು, ಸದಸ್ಯರು, ಚುನಾವಣೆ ಎಲ್ಲ ಹಾಗೇ ಇರುತ್ತವೆ.

ಅಂದರೆ ಒಂದೇ ಹೆಸರಿನ ಕೆಳಗೆ ಎರಡು ಮನೆ. ಒಂದರಲ್ಲಿ ದುಡ್ಡು, ಇನ್ನೊಂದರಲ್ಲಿ ನೂರು ವರ್ಷದ ಹಕ್ಕುದಾರಿಕೆ. ಇನ್ವೆಸ್ಟರ್ ಬಿಟ್ಟು ಹೋಗುವಾಗ 'ಸ್ಪೋರ್ಟಿಂಗ್ ರೈಟ್ಸ್ ವಾಪಸ್ ಕೊಡಿ' ಅಂತ ಮತ್ತೆ ರಾಗ ಶುರು. 2020ರಲ್ಲಿ ಆಗಿದ್ದು ಅದೇ. ಕ್ವೆಸ್ ಬಿಡುತ್ತೇನೆ ಅಂತ ಹೇಳಿದ ಎಷ್ಟೋ ದಿನದ ಮೇಲೆ, ಜುಲೈನಲ್ಲಿ, ಹಕ್ಕು ವಾಪಸ್ ಬಂತು. ಅಲ್ಲಿಯವರೆಗೆ ಹೊಸಬರ ಜೊತೆ ಮಾತಾಡಲು ಕ್ಲಬ್ಬಿನ ಕೈಯಲ್ಲಿ ಏನೂ ಇರಲಿಲ್ಲ.

ಮೈದಾನ್ ಮಂಜ

ಸುಬ್ಬು ಸರ್, ಈಗ ಸ್ವಲ್ಪ ತಲೆಗೆ ಹತ್ತಿತು. ಆದರೆ ಕ್ವೆಸ್ ವಿಷಯದಲ್ಲಿ ನನಗೆ ಬೇಜಾರಿದೆ. ಬೆಂಗಳೂರಿನ ಕಂಪನಿ ಅಂತಲ್ಲ, ಆ ತಂಡ ನಿಜಕ್ಕೂ ಚೆನ್ನಾಗಿತ್ತು. ಸ್ಪೇನಿನ ಅಲೆಹಾಂದ್ರೊ ಮೆನೆಂಡೆಸ್ ಕೋಚು. 2018ರ ವಿಶ್ವಕಪ್ ಆಡಿದ ಕೋಸ್ಟಾರಿಕಾದ ಜಾನಿ ಅಕೋಸ್ಟಾ ಡಿಫೆನ್ಸ್‌ನಲ್ಲಿ. 2018-19ರ ಐ-ಲೀಗ್ (ಹಳೇ ನ್ಯಾಷನಲ್ ಲೀಗಿನ ಮುಂದಿನ ರೂಪ) ಕೊನೇ ದಿನದವರೆಗೆ ಹೋಯಿತು. ಕೋಯಿಕ್ಕೋಡಿನಲ್ಲಿ ಇವರು ಗೋಕುಲಂ ಮೇಲೆ ಗೆದ್ದರು. ಕೊಯಮತ್ತೂರಿನಲ್ಲಿ ಚೆನ್ನೈ ಸಿಟಿಯೂ ಗೆದ್ದುಬಿಟ್ಟಿತು. 43 ಅವರಿಗೆ, 42 ಇವರಿಗೆ. ಒಂದೇ ಒಂದು ಅಂಕ.

ಆ ವರ್ಷ ಗೆದ್ದಿದ್ದರೆ ಕ್ವೆಸ್ ಉಳಿಯುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಕುಡ್ಲ ಕಿಕ್

ಉಳಿಯುತ್ತಿರಲಿಲ್ಲ. ಲೀಗ್ ಮುಗಿದ ಕೂಡಲೇ ಸೂಪರ್ ಕಪ್ ಗಲಾಟೆ ಆಯಿತಲ್ಲ, ಮರೆತೆಯಾ? ಐ-ಲೀಗ್ ಕ್ಲಬ್ಬುಗಳು ಒಟ್ಟಾಗಿ ಬಹಿಷ್ಕಾರ ಹಾಕಿದವು. ಕ್ವೆಸ್ ಆಡುವುದಿಲ್ಲ ಅಂತು. ಕ್ಲಬ್ಬಿನ ಹಳಬರು ಆಡಬೇಕು ಅಂದರು. ಕೊನೆಗೆ ಆಡಲಿಲ್ಲ. ಒಂದು ಟೂರ್ನಿ ಆಡುವುದಾ ಬೇಡವಾ ಅನ್ನುವುದಕ್ಕೇ ಎರಡು ಬಾಯಿ ಇದ್ದರೆ ಗೆದ್ದರೂ ಒಂದೇ, ಸೋತರೂ ಒಂದೇ.

ಶಿವಮೊಗ್ಗ ಶೂಟರ್

ಆಟಗಾರರ ಕಥೆ ಯಾರೂ ಹೇಳ್ತಿಲ್ಲ. 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾರಣ ಕೊಟ್ಟು ಕರಾರನ್ನು ಅವಧಿಗೆ ಮುಂಚೆ ಮುಗಿಸಿದರು. ಸಂಬಳ ಬಾಕಿ ಅಂತ ಹುಡುಗರು ಆಟಗಾರರ ಸಂಘದ ಮೊರೆ ಹೋದರು. ಮಂಜ ಈಗಷ್ಟೇ ಹೊಗಳಿದ ಅದೇ ಅಕೋಸ್ಟಾ ಫಿಫಾವರೆಗೆ ಹೋದ. 2021ರಲ್ಲಿ ಫಿಫಾ ಕ್ಲಬ್ಬಿಗೆ ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ತಡೆ ಹಾಕಿತು. ಆಗ ದುಡ್ಡು ಹಾಕುತ್ತಿದ್ದದ್ದು ಶ್ರೀ ಸಿಮೆಂಟ್. ಸಾಲ ಹಳೇ ಮಾಲೀಕರ ಕಾಲದ್ದು, ತಡೆ ಬಿದ್ದದ್ದು ಹೊಸಬರ ತಂಡಕ್ಕೆ. ಫಿಫಾಗೆ ಕ್ವೆಸ್ಸೂ ಗೊತ್ತಿಲ್ಲ, ಸಿಮೆಂಟೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಕ್ಲಬ್ಬಿನ ಹೆಸರು ಮಾತ್ರ.

ಪದಾಧಿಕಾರಿ, ಕಂಪನಿ ಇಬ್ಬರಲ್ಲಿ ಯಾರು ಸರಿ ಅಂತ ವಾದ ಮಾಡಿ. ಸಂಬಳ ಸಿಗದವನಿಗೆ ಇಬ್ಬರೂ ಒಂದೇ.

ದಮ್‌ದಮ್ ಕನ್ನಡತಿ

ಶ್ರೀ ಸಿಮೆಂಟ್ ಕಾಲ ನಾನು ಹತ್ತಿರದಿಂದ ನೋಡಿದ್ದು. ಸ್ವಲ್ಪ ಉದ್ದ ಆಗುತ್ತೆ, ಓದಿ.

2020 ಕ್ಲಬ್ಬಿಗೆ ಶತಮಾನ ತುಂಬಿದ ವರ್ಷ. ಅದೇ ವರ್ಷ ಜನವರಿಯಲ್ಲಿ ಮೋಹನ್ ಬಗಾನ್ ಗೋಯೆಂಕಾ ಗುಂಪಿಗೆ ಶೇ 80 ಪಾಲು ಕೊಟ್ಟು ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್, ದೇಶದ ಮೇಲಿನ ಲೀಗ್) ದಾರಿ ಮಾಡಿಕೊಂಡಿತ್ತು. ವೈರಿ ಒಳಗೆ, ನಾವು ಹೊರಗೆ. ಆ ಹೊಟ್ಟೆಕಿಚ್ಚು ನಿಮಗೆ ಅರ್ಥವಾಗಬೇಕು ಅಂದರೆ ಇಲ್ಲಿ ಒಂದು ವರ್ಷ ಇರಬೇಕು. ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ರಾಜ್ಯ ಸಚಿವಾಲಯ ನಬನ್ನದಲ್ಲಿ ಕೂತು ಶ್ರೀ ಸಿಮೆಂಟ್ ಬಂದಿದೆ ಅಂತ ಹೇಳಿದರು. ಮುಂದಿನ ವರ್ಷ ವಿಧಾನಸಭೆ ಚುನಾವಣೆ ಇತ್ತು, ಅದು ಬೇರೆ ಮಾತು ಬಿಡಿ. ಮನೆಯಲ್ಲಿ ಹಬ್ಬ.

ಅವಸರದಲ್ಲಿ ಆಗಿದ್ದು ಏನು ಗೊತ್ತಾ? ಟರ್ಮ್ ಶೀಟ್‌ಗೆ, ಅಂದರೆ ಮುಖ್ಯ ಷರತ್ತುಗಳ ಮೊದಲ ಕಾಗದಕ್ಕೆ, ಮಾತ್ರ ಸಹಿ ಬಿದ್ದಿತ್ತು. ಪೂರ್ಣ ಒಪ್ಪಂದ ಆಮೇಲೆ ಅಂದರು. ಅಷ್ಟಕ್ಕೇ ತಂಡ ಕಟ್ಟಿ, ರಾಬಿ ಫೌಲರ್‌ನನ್ನು ಕೋಚ್ ಮಾಡಿ, ಗೋವಾಕ್ಕೆ ಕರೆದುಕೊಂಡು ಹೋದರು. ನಮ್ಮ ಕಡೆ ಸೈಟಿಗೆ ಅಡ್ವಾನ್ಸ್ ಕೊಟ್ಟು, ರಿಜಿಸ್ಟ್ರೇಷನ್ ಆಗುವ ಮೊದಲೇ ಮನೆ ಕಟ್ಟಲು ಶುರು ಮಾಡುತ್ತಾರಲ್ಲ, ಹಾಗೆ. ಆ ಸೀಸನ್ ಒಂಬತ್ತನೇ ಸ್ಥಾನ.

ಮುಂದಿನ ವರ್ಷ ಪೂರ್ಣ ಒಪ್ಪಂದದ ಕಾಗದ ಬಂದಾಗ ಪದಾಧಿಕಾರಿಗಳು ಸಹಿ ಹಾಕಲ್ಲ ಅಂದರು. ಟರ್ಮ್ ಶೀಟಿನಲ್ಲಿ ಇದ್ದದ್ದೇ ಬೇರೆ, ಇದರಲ್ಲಿ ಇರುವುದೇ ಬೇರೆ, ಸದಸ್ಯರ ಹಕ್ಕು ಹೋಗುತ್ತೆ ಅಂದರು. ಕಂಪನಿ, ಸಹಿ ಇಲ್ಲದೆ ದುಡ್ಡು ಇಲ್ಲ ಅಂತು. ತಿಂಗಳುಗಟ್ಟಲೆ ಹೀಗೇ. 2021ರ ಜುಲೈ 21ಕ್ಕೆ ಅಭಿಮಾನಿಗಳು ಟೆಂಟಿನ ಮುಂದೆ ಸೇರಿದರು. ಸಹಿ ಹಾಕಿ ಅನ್ನುವವರು, ಹಾಕಬೇಡಿ ಅನ್ನುವವರು, ಎರಡೂ ಗುಂಪು. ಪೊಲೀಸರು ಲಾಠಿ ಬೀಸಿದರು. ಕೆಂಪು ಹಳದಿ ಜೆರ್ಸಿ ಹಾಕಿದ ಹುಡುಗರು ತಮ್ಮ ಕ್ಲಬ್ಬಿನ ಬಾಗಿಲಲ್ಲೇ ಏಟು ತಿಂದರು. ಮೋಹನ್ ಬಗಾನ್ ಬೆಂಬಲಿಸುವ ನಮ್ಮ ಪಕ್ಕದ ಮನೆಯವರು ಕೂಡ ಅವತ್ತು ತಮಾಷೆ ಮಾಡಲಿಲ್ಲ.

ಆಗಸ್ಟ್ ಕೊನೆಗೆ ಮತ್ತೆ ಮುಖ್ಯಮಂತ್ರಿ ಕೂರಿಸಿ ಮಾತಾಡಿದರು. ಆಡುತ್ತೇವೆ ಅಂದರು. ಒಳ್ಳೆ ಆಟಗಾರರೆಲ್ಲ ಅಷ್ಟರಲ್ಲಿ ಬೇರೆ ಕಡೆ ಸೇರಿಯಾಗಿತ್ತು. 2021-22ರಲ್ಲಿ 20 ಪಂದ್ಯದಲ್ಲಿ ಗೆದ್ದದ್ದು ಒಂದು. 11 ತಂಡದಲ್ಲಿ 11ನೇ ಸ್ಥಾನ. ಏಪ್ರಿಲ್‌ನಲ್ಲಿ ಶ್ರೀ ಸಿಮೆಂಟ್ ಹಕ್ಕು ವಾಪಸ್ ಕೊಟ್ಟು ಹೊರಟಿತು.

ಗೌತಮಪುರ ನಂಬರ್ 10

ಅಕ್ಕ, ಒಂದು ಗೆಲುವು ಅನ್ನುವಾಗಲೇ ಹೊಟ್ಟೆ ಕಿವುಚುತ್ತೆ. ಇದು ಅಹ್ಮದ್ ಖಾನ್ ಆಡಿದ ಕ್ಲಬ್. ನಮ್ಮ ಬೆಂಗಳೂರಿನವರು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದವರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಪಂಚ ಪಾಂಡವರು ಅಂತಲೇ ಆ ಐವರಿಗೆ ಹೆಸರು. ಐವರಲ್ಲಿ ಒಬ್ಬರೂ ಬಂಗಾಳಿ ಅಲ್ಲ. ಆದರೂ ಆ ಜನ ತಲೆ ಮೇಲೆ ಹೊತ್ತು ಮೆರೆಸಿದರು. ನಮ್ಮ ಏರಿಯಾದ ಹಿರಿಯರು ಕೋಲ್ಕತ್ತಾಗೆ ಆಡಲು ಹೋಗುವುದನ್ನು ದೊಡ್ಡ ಮಾತಾಗಿ ಹೇಳುತ್ತಿದ್ದರು.

ಕುಡ್ಲ ಕಿಕ್

ಭಾವನೆ ಎಲ್ಲ ಸರಿ. ಒಂದು ಕಟುವಾದ ಮಾತು ಹೇಳಲಾ? 11ನೇ ಸ್ಥಾನಕ್ಕೆ ಹೋದರೂ ಈಸ್ಟ್ ಬೆಂಗಾಲ್ ಮುಂದಿನ ವರ್ಷ ಅದೇ ಲೀಗಿನಲ್ಲಿ ಇತ್ತು. ಐಎಸ್‌ಎಲ್‌ನಲ್ಲಿ ಕೆಳಗೆ ಇಳಿಸುವ ಪದ್ಧತಿ ಇರಲಿಲ್ಲ. ಸೋತರೆ ಬೀಳುವ ಭಯ ಇದ್ದಿದ್ದರೆ ಪದಾಧಿಕಾರಿಗಳು ಅಷ್ಟು ತಿಂಗಳು ಸಹಿ ಎಳೆಯುತ್ತಿದ್ದರಾ? ಕಂಪನಿ ಕೈ ಕಟ್ಟಿ ಕೂರುತ್ತಿತ್ತಾ? ಇಬ್ಬರಿಗೂ ಗೊತ್ತಿತ್ತು, ಜಾಗ ಎಲ್ಲೂ ಹೋಗಲ್ಲ ಅಂತ.

ಜಗಳ ಬೇಡ ಅಂದರೆ ಬೆಂಗಳೂರು ಎಫ್‌ಸಿ ತರಹ ಇರಲಿ. 2013ರಲ್ಲಿ ಜೆಎಸ್‌ಡಬ್ಲ್ಯು ಶುರು ಮಾಡಿತು, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಸಂಘ ಇಲ್ಲ, ಟೆಂಟ್ ಇಲ್ಲ, ಹಳೇ ತಲೆಗಳಿಲ್ಲ. ಒಬ್ಬ ಮಾಲೀಕ, ಒಂದು ಮಾತು.

ಶಿವಮೊಗ್ಗ ಶೂಟರ್

ಒಬ್ಬ ಮಾಲೀಕ, ಒಂದು ಮಾತು. ಸರಿ. ಎಫ್‌ಸಿ ಪುಣೆ ಸಿಟಿ ಎಲ್ಲಿ? ಡೆಲ್ಲಿ ಡೈನಮೋಸ್ ಎಲ್ಲಿ? 2019ರಲ್ಲಿ ಪುಣೆಯದ್ದು ಮುಚ್ಚಿ ಹೈದರಾಬಾದ್ ಹುಟ್ಟಿತು, ದೆಹಲಿಯದ್ದು ಒಡಿಶಾ ಆಯಿತು. 2025ರಲ್ಲಿ ಹೈದರಾಬಾದ್ ತಂಡ ದೆಹಲಿಗೆ ಹೋಯಿತು. ನಮ್ಮದೇ ಬೆಂಗಳೂರು ಎಫ್‌ಸಿ 2025ರ ಆಗಸ್ಟ್‌ನಲ್ಲಿ, ಲೀಗ್ ನಡೆಯುವುದೇ ಖಚಿತ ಇಲ್ಲ ಅಂತ ಆಟಗಾರರ ಸಂಬಳ ತಡೆಹಿಡಿಯಿತು. ಆ ಕಾರಣ ನಿಜವೇ, ಲೀಗ್ ನಡೆಸುವವರ ಒಪ್ಪಂದವೇ ತೂಗಾಡುತ್ತಿತ್ತು. ಆದರೆ ಅವತ್ತು ಕೇಳಲು ಯಾವ ಸದಸ್ಯ ಇದ್ದ? ಈಸ್ಟ್ ಬೆಂಗಾಲನ್ನು ಎತ್ತಿಕೊಂಡು ಬೇರೆ ಊರಿಗೆ ಹೋಗಲು ಯಾವ ಕಂಪನಿಗೂ ಆಗಲ್ಲ. ಅದಕ್ಕೆ ಕಾರಣ ಆ ಹಳೇ ತಲೆಗಳೇ.

ಕುಡ್ಲ ಕಿಕ್

ಹಳೇ ತಲೆಗಳಲ್ಲ, ಲಾಠಿ ಏಟು ತಿಂದವರು. ಅವರಲ್ಲಿ ಎಷ್ಟು ಜನಕ್ಕೆ ಕ್ಲಬ್ಬಿನಲ್ಲಿ ಓಟು ಇದೆ? ಅಕ್ಕ, ನಿಮ್ಮ ಮನೆಯಲ್ಲಿ ಯಾರ ಹತ್ತಿರವಾದರೂ ಸದಸ್ಯತ್ವದ ಕಾರ್ಡ್ ಇದೆಯಾ?

ದಮ್‌ದಮ್ ಕನ್ನಡತಿ

ಮಾವನ ಹತ್ತಿರ ಇದೆ. ನಮ್ಮವರ ಹತ್ತಿರ ಇಲ್ಲ, ನನ್ನ ಹತ್ತಿರ ಇಲ್ಲ. ಮಗಳು ಕೂಗುವಷ್ಟು ಜೋರಾಗಿ ಗ್ಯಾಲರಿಯಲ್ಲಿ ಯಾರೂ ಕೂಗಲ್ಲ, ಅವಳ ಹತ್ತಿರವೂ ಇಲ್ಲ. ನೀವು ಹೇಳುವುದು ಸರಿ. ಪದಾಧಿಕಾರಿಗಳು 'ಸದಸ್ಯರ ಹಕ್ಕು' ಅಂದಾಗ ಅದರಲ್ಲಿ ನಾವು ಬರುವುದಿಲ್ಲ. ಕಂಪನಿ 'ಅಭಿಮಾನಿಗಳಿಗಾಗಿ' ಅಂದಾಗಲೂ ಟಿಕೆಟ್ ಕೊಳ್ಳುವವರಾಗಿ ಮಾತ್ರ ಬರುತ್ತೇವೆ.

ಮೋಹನ್ ಬಗಾನ್ ಅಭಿಮಾನಿಗಳು ಒಂದು ಮಟ್ಟಿಗೆ ಗೆದ್ದರು, ಒಪ್ಪಿಕೊಳ್ಳಬೇಕು. ಹೆಸರಿನ ಮುಂದಿನ ಎಟಿಕೆ (ಗೋಯೆಂಕಾ ಅವರ ಹಳೇ ತಂಡದ ಹೆಸರು) ತೆಗೆಯಿರಿ ಅಂತ ಮೂರು ವರ್ಷ ಹಟ ಹಿಡಿದರು. 2023ರಲ್ಲಿ ಗೋವಾದಲ್ಲಿ ಬೆಂಗಳೂರು ಎಫ್‌ಸಿ ಮೇಲೆ ಪೆನಾಲ್ಟಿಯಲ್ಲಿ ಐಎಸ್‌ಎಲ್ ಗೆದ್ದ ಮೇಲೆ ಗೋಯೆಂಕಾ ಅವರೇ ಹೆಸರು ಬದಲಿಸುವುದಾಗಿ ಹೇಳಿದರು. ನಿಮ್ಮ ಸೋಲು, ಅವರ ಹೆಸರು. ಕ್ಷಮಿಸಿ ಬೆಂಗಳೂರಿನವರೇ.

ಮೈದಾನ್ ಮಂಜ

ಆ ಪೆನಾಲ್ಟಿ ನೆನಪಿಸಬೇಡಿ ಅಕ್ಕ, ಪ್ಲೀಸ್.

ಈಗ ಇಮಾಮಿಗೆ ಬರೋಣ. 2022ರ ಮೇನಲ್ಲಿ ಮತ್ತೆ ಮುಖ್ಯಮಂತ್ರಿ ಹೇಳಿದರು, ಆಗಸ್ಟ್‌ನಲ್ಲಿ ಸಹಿ ಬಿತ್ತು. ಈ ಸಲ ಸೀಸನ್ ಶುರುವಾಗುವ ಮೊದಲೇ ಕಾಗದ ಮುಗಿಯಿತು, ಅದಕ್ಕೆ ಮೆಚ್ಚಬೇಕು. 2023ರ ಆಗಸ್ಟ್‌ನಲ್ಲಿ ಡ್ಯುರಾಂಡ್ ಕಪ್ ಡರ್ಬಿಯಲ್ಲಿ ನಂದಕುಮಾರ್ ಗೋಲು, ನಾಲ್ಕು ವರ್ಷಕ್ಕೂ ಜಾಸ್ತಿ ಸಮಯದ ಮೇಲೆ ಮೋಹನ್ ಬಗಾನ್ ಮೇಲೆ ಗೆಲುವು. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಒಡಿಶಾ ಮೇಲೆ 3-2, ಸೂಪರ್ ಕಪ್. 2012ರ ಫೆಡರೇಷನ್ ಕಪ್ ಆದ ಮೇಲೆ ಮೊದಲ ರಾಷ್ಟ್ರೀಯ ಟ್ರೋಫಿ. ಕೋಚ್ ಕಾರ್ಲೆಸ್ ಕ್ವಾದ್ರಾತ್, ಗೆಲುವಿನ ಗೋಲು ಕ್ಲೇಟನ್ ಸಿಲ್ವ. ಇಬ್ಬರೂ ಹಿಂದೆ ನಮ್ಮ ಬೆಂಗಳೂರು ಎಫ್‌ಸಿಯಲ್ಲಿ ಇದ್ದವರು. ಆದರೆ ಲೀಗಿನಲ್ಲಿ 2022-23, 2023-24, 2024-25 ಮೂರೂ ವರ್ಷ ಒಂಬತ್ತು. ಜಗಳ ನಿಂತರೂ ತಂಡ ಏಳಲಿಲ್ಲ. ಹಾಗಾದರೆ ಜಗಳವೇ ಕಾರಣ ಅನ್ನುವ ವಾದ ಎಲ್ಲಿ ಹೋಯಿತು?

ಲೆಕ್ಕದ ಸುಬ್ಬು

ಜಗಳ ಯಾಕೆ ನಿಂತಿತು ಅಂತ ಕೇಳು ಮಂಜ. ನನಗೆ ಕಣ್ಣಿಗೆ ಬಿದ್ದದ್ದು ಅಂಕಿ. ಕ್ವೆಸ್ ಪಾಲು ಶೇ 70. ಶ್ರೀ ಸಿಮೆಂಟ್‌ಗೆ ಶೇ 76 ಅಂತ ಆಗಿತ್ತು. ಇಮಾಮಿಗೆ ಶೇ 77, ಕ್ಲಬ್ಬಿಗೆ ಶೇ 23.

70ಕ್ಕೂ 76ಕ್ಕೂ ಏನು ದೊಡ್ಡ ವ್ಯತ್ಯಾಸ ಅನ್ನಿಸಬಹುದು. ಕಂಪನಿ ಕಾಯ್ದೆಯಲ್ಲಿ ತುಂಬಾ ದೊಡ್ಡದು. ಕಂಪನಿಯ ಮೂಲ ನಿಯಮ ತಿದ್ದುವಂಥ ದೊಡ್ಡ ತೀರ್ಮಾನಕ್ಕೆ ವಿಶೇಷ ನಿರ್ಣಯ ಬೇಕು. ಅದಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು, ಅಂದರೆ ಶೇ 75. ಶೇ 30 ಇಟ್ಟುಕೊಂಡವನು ಒಬ್ಬನೇ ಕೂತು ಬೇಡ ಅನ್ನಬಹುದು. ಶೇ 23 ಅಥವಾ 24 ಇದ್ದವನು ಬೇಡ ಅಂದರೂ ನಡೆಯುತ್ತೆ. ಕ್ವೆಸ್ ಕಾಲದಲ್ಲಿ ಕ್ಲಬ್ಬಿನ ಕೈಯಲ್ಲಿ ಬ್ರೇಕ್ ಇತ್ತು. ಆಮೇಲೆ ಬಂದವರು ಇಬ್ಬರೂ ಆ ಗೆರೆಯನ್ನು ಕರೆಕ್ಟಾಗಿ ದಾಟಿಕೊಂಡೇ ಬಂದಿದ್ದಾರೆ. ಇದು ಕಾಕತಾಳೀಯ ಅಂತ ನನಗನಿಸಲ್ಲ. 2021ರಲ್ಲಿ ಪೂರ್ಣ ಒಪ್ಪಂದ ಓದಿದಾಗ ಪದಾಧಿಕಾರಿಗಳ ಎದೆ ಧಸಕ್ಕೆಂದಿದ್ದರೆ ಅದರಲ್ಲಿ ನ್ಯಾಯವೂ ಇದೆ. ಟರ್ಮ್ ಶೀಟ್‌ಗೆ ಸಹಿ ಹಾಕುವಾಗಲೇ ನೋಡಬೇಕಿತ್ತು, ಅದು ಅವರ ತಪ್ಪು.

ನಿನ್ನ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಕ್ವೆಸ್‌ಗೆ ಮಾರಿದ್ದು ಆಡುವ ಹಕ್ಕು. ಇಮಾಮಿಗೆ ಕೊಟ್ಟಿದ್ದು ಬೇಡ ಅನ್ನುವ ಹಕ್ಕು ಕೂಡ ಸೇರಿಸಿ.

ಶೇರುದಾರರ ನಡುವೆ ಬೇರೆ ಒಪ್ಪಂದ ಇದ್ದು, ಹೆಸರು, ಲಾಂಛನ, ಬಣ್ಣ, ಊರು ಬದಲಿಸಲು ಕ್ಲಬ್ಬಿನ ಒಪ್ಪಿಗೆ ಬೇಕು ಅಂತ ಅದರಲ್ಲಿ ಬರೆದಿದ್ದರೆ ಕಥೆ ಬೇರೆ. ಜವಾಬ್ದಾರಿ ಇರುವ ಪದಾಧಿಕಾರಿ ಹೋರಾಡಬೇಕಿದ್ದದ್ದು ಆ ನಾಲ್ಕು ಸಾಲಿಗೆ. ಟೆಂಟಿನಲ್ಲಿ ಯಾರು ಕೂರಬೇಕು ಅನ್ನುವುದಕ್ಕಲ್ಲ.

ಗೌತಮಪುರ ನಂಬರ್ 10

1920ರಲ್ಲಿ ಜೋಡಾಬಗಾನ್ ತಂಡದಿಂದ ಒಬ್ಬ ಆಟಗಾರನನ್ನು ಕೈಬಿಟ್ಟರು ಅಂತ ಸುರೇಶ್ ಚಂದ್ರ ಚೌಧುರಿ ಸಿಟ್ಟಾಗಿ ಹೊರಬಂದು ಕಟ್ಟಿದ ಕ್ಲಬ್ ಇದು. ಹುಟ್ಟಿದ್ದೇ ಬೇಡ ಅನ್ನುವುದರಿಂದ. ಈಗ ಶೇ 23ಕ್ಕೆ ಬಾಯಿ ಮುಚ್ಚಿಕೊಂಡಿದೆ ಅಂತಾಯಿತು.

ದಮ್‌ದಮ್ ಕನ್ನಡತಿ

ಸುಬ್ಬು ಅವರೇ, ಆ ನಾಲ್ಕು ಸಾಲು ಇದೆಯೋ ಇಲ್ಲವೋ ನಮ್ಮಂಥವರು ತಿಳಿಯುವುದು ಹೇಗೆ? ಇಲ್ಲಿ ಯಾರನ್ನು ಕೇಳಿದರೂ 'ಗೋಪ್ಯ' ಅಂತಾರೆ.

ಲೆಕ್ಕದ ಸುಬ್ಬು

ಶೇರುದಾರರ ಒಪ್ಪಂದ ಗೋಪ್ಯವೇ ಇರಬಹುದು ಮೇಡಂ. ಆದರೆ ಕಂಪನಿಯ ಮೂಲ ನಿಯಮಾವಳಿ ಗೋಪ್ಯ ಅಲ್ಲ. ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಇಂಥ ಷರತ್ತುಗಳನ್ನು ಎಷ್ಟೋ ಸಲ ಅದರಲ್ಲೂ ಬರೆದಿರುತ್ತಾರೆ. ಷೇರು ಪಟ್ಟಿ, ವರ್ಷದ ಲೆಕ್ಕಪತ್ರವೂ ಅಲ್ಲೇ ಸಿಗುತ್ತೆ. ಲಾಠಿ ಏಟಿಗಿಂತ ಅಗ್ಗ.

ಮೈದಾನ್ ಮಂಜ

ಶುಲ್ಕ ನಾನು ಹಾಕ್ತೀನಿ ಸರ್. ಕಂಪನಿಯ ಪೂರ್ತಿ ಹೆಸರು ಕಳಿಸಿ, ಇವತ್ತೇ ತೆಗೀತೀನಿ. ಓದಿ ಅರ್ಥ ಹೇಳುವ ಕೆಲಸ ನಿಮ್ಮದು.

ಕುಡ್ಲ ಕಿಕ್

ಬೆಂಗಳೂರು ಎಫ್‌ಸಿಯದ್ದೂ ತೆಗಿ ಮಾರಾಯ, ಅರ್ಧ ದುಡ್ಡು ನಾನು ಕೊಡ್ತೇನೆ.